ಟ್ರಂಕಿನಲ್ಲಿದ್ದ ಮಾಸ್ಕು

ಮೊನ್ನೆ ಮಸ್ಕಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಕೊಳ್ಳುವಾಗ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಸಿಂಧನೂರಿನ ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು. ಅವರ ಮಾಸ್ಕಿನ ವಾಸನೆಯೂ ಹೀಗೇ ಇತ್ತು. ಅಥವಾ ಹಾಗಿತ್ತೆಂದು ಈಗ ಅನ್ನಿಸುತ್ತಿದೆಯೋ...

ಕಾಕಾ ಅಕ್ಕಿ ಗಿರಣಿಯಲ್ಲಿ ತೌಡು ತುಂಬುತ್ತಿದ್ದರು. ಸಂಜೆ ಬಂದು ಕಟ್ಟೆಯ ಮೇಲೆ ಕೂತು, ಮೊದಲು ಕೆಮ್ಮಿ ಮುಗಿಸಿ ಆಮೇಲೆ ಮಾತಿಗಿಳಿಯುತ್ತಿದ್ದರು. ತೌಡಿನ ಧೂಳಿಗೆ ರೆಪ್ಪೆಯ ಕೂದಲೂ ಬೂದಿಬಣ್ಣ. ಎಂಬತ್ತರ ದಶಕದ ಕೊನೆ. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ ಬಂದಿದ್ದೆ. ಕಾರ್ಮಿಕರ ಸುರಕ್ಷತೆಗೆಂದು ದೇಶ ಖರ್ಚು ಮಾಡುವ ಹಣ ಕಾರ್ಮಿಕನ ಮೂಗಿನ ತನಕ ಬರುವುದೇ ಇಲ್ಲವೆಂದು ನಂಬಿದ್ದೆ.

ಒಂದು ದಿನ ಬಂದೇಬಿಟ್ಟಿತು. ಸರಕಾರದ ಯಾವುದೋ ಯೋಜನೆಯಲ್ಲಿ ಗಿರಣಿಯವರಿಗೆಲ್ಲ ಒಂದೊಂದು ರಬ್ಬರ್ ಮಾಸ್ಕು ಕೊಟ್ಟರು. ಜೊತೆಗಿದ್ದ ಚೀಟಿಯನ್ನು ಕಾಕಾ ನನ್ನಿಂದ ಓದಿಸಿದರು. ದಿನಾ ಧರಿಸಬೇಕು, ಸ್ವಚ್ಛವಾಗಿಡಬೇಕು, ತಪಾಸಣೆಗೆ ಬಂದಾಗ ತೋರಿಸಬೇಕು. ಮೂರನ್ನೂ ಓದಿದೆನೆ? ತಪಾಸಣೆಯ ಮಾತಿಗೆ ನಕ್ಕದ್ದು, ಗಿರಣಿ ಮಾಲಕನ ಬಗ್ಗೆ ಏನೋ ಅಂದದ್ದು ಮಾತ್ರ ನೆನಪಿದೆ. ಏನಂದೆನೋ...

ಮರುದಿನ ಕಾಕಾ ಎಂದಿನಂತೆ ಟವೆಲನ್ನೇ ಮೂಗಿಗೆ ಸುತ್ತಿಕೊಂಡು ಹೊರಟರು. ತಿಂಗಳಾದರೂ ಟವೆಲ್ಲೇ. ಮಾಲಕ ಮಾಸ್ಕು ಕಸಿದುಕೊಂಡನೇ ಎಂದು ಕೇಳಿದೆ.

"ಇಲ್ಲೋ ತಮ್ಮಾ, ಮನ್ಯಾಗ ಭದ್ರ ಐತಿ. ನಿನಗ ಊರ ಮಂದಿ ಎಲ್ಲಾ ಕಳ್ಳರ ಕಾಣ್ತಾರ ನೋಡು."

ಮಾಲಕನ ಹೆದರಿಕೆಗೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ತೋರಿಸಿ ಎನ್ನಲಿಲ್ಲ. ಬದಲಿಗೆ ಲಿಂಗಸುಗೂರಿನ ಸರಕಾರಿ ಕಚೇರಿಗೆ ಹೋಗಿ ಮಾಲಕನ ಮೇಲೊಂದು ಅರ್ಜಿ ಕೊಟ್ಟು, ದೊಡ್ಡ ಕೆಲಸ ಮಾಡಿದವನ ಹಾಗೆ ಬಸ್ಸು ಹತ್ತಿ ಬಂದೆ.

ಕೆಲವು ವರ್ಷಕ್ಕೆ ಕೆಮ್ಮು ಕಾಕಾಗೆ ಗಿರಣಿ ಬಿಡಿಸಿತು, ಆಮೇಲೆ ಊಟ ಬಿಡಿಸಿತು... ಅವರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಕಾಕಿ ಟ್ರಂಕಿನಿಂದ ತೆಗೆದ ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಮುಂದಿಟ್ಟರು. ಒಳಗೆ ಮಾಸ್ಕು. ಒಂದು ಕಣ ತೌಡೂ ಅಂಟಿರಲಿಲ್ಲ.

"ಗಿರಣಿಗೆ ಒಯ್ದರ ಮಾಲಕ ಕಸ್ಕೊಂತಾನ, ಮನ್ಯಾಗ ಜ್ವಾಕಿ ಇಡ್ರಿ ಅಂದಿದ್ದಿಯಂತಲ್ಲ ನೀ. ಒಂದಿನಾನೂ ಒಯ್ಯಲಿಲ್ಲ ಅವ್ರು. ಸರಕಾರದ ಸಾಮಾನಪಾ ಇದು, ಈಗ ಯಾರಿಗೆ ವಾಪಸ್ ಕೊಡಬೇಕು?"

ನಾನು ಹಾಗೆ ಅಂದಿದ್ದೆನೆ? ಇಷ್ಟು ವರ್ಷ ನನ್ನ ನೆನಪನ್ನೇ ಶಂಕಿಸುತ್ತ ಬಂದಿದ್ದೇನೆ. ಶಂಕಿಸುವುದು ನನಗೆ ಅನುಕೂಲವೂ ಹೌದು.

ಮಸ್ಕಿಯಿಂದ ಬಂದವನೇ, ಅಂದಿನಿಂದ ನನ್ನಲ್ಲೇ ಉಳಿದ ಆ ಚೀಲ ಬಿಚ್ಚಿದೆ. ರಬ್ಬರು ಬಿರುಕು ಬಿಟ್ಟಿದೆ, ವಾಸನೆ ಯಾವಾಗಲೋ ಹೋಗಿದೆ. ದೇಶದ ದುಡ್ಡು ಕಾಕಾನ ಮನೆಯ ತನಕ ಬಂದಿತ್ತು. ಅಲ್ಲಿಂದ ಅವರ ಮೂಗಿನ ತನಕದ ದಾರಿಯಲ್ಲಿ ನಾನು ನಿಂತಿದ್ದೆ.