ಇನ್ನೂರ ಹನ್ನೆರಡು ಪಂದ್ಯ, ಒಂದು ಎಡಗೈ ಹೊಡೆತ

ಬೆಳಗಿನ ಐದೂ ಮುಕ್ಕಾಲು. ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಅಭ್ಯಾಸದ ಅಂಗಳದಲ್ಲಿ ಒಬ್ಬ ಹೆಂಗಸು ಬಾಗಿ ನಿಂತಿದ್ದಾರೆ. ಪ್ಯಾಂಟು ಮೀನಖಂಡದವರೆಗೆ ಒದ್ದೆ. ಕುಳಿಯಿಂದ ನಾಲ್ಕಡಿ ದೂರದಲ್ಲಿ ಚೆಂಡಿಡುತ್ತಾರೆ, ಕೋಲಿನಿಂದ ಮೆಲ್ಲನೆ ತಳ್ಳುತ್ತಾರೆ, ಚೆಂಡು ಟಕ್ಕೆಂದು ಒಳಗೆ ಬೀಳುತ್ತದೆ. ಮತ್ತೆ ಇಡುತ್ತಾರೆ. ತೊಂಬತ್ತೈದು, ತೊಂಬತ್ತಾರು. ತೊಂಬತ್ತೇಳನೆಯದು ಕುಳಿಯ ಅಂಚನ್ನು ಒಂದು ಸುತ್ತು ಬಳಸಿ ಹೊರಗೇ ನಿಂತುಬಿಡುತ್ತದೆ. ಅವರು ನಕ್ಕು, ಒಂದರಿಂದ ಎಣಿಸತೊಡಗುತ್ತಾರೆ.

"ನೂರು ಸಲ ಸಾಲಾಗಿ ಬೀಳ್ಬೇಕು. ಆಮೇಲೇ ತಿಂಡಿ. ಒಂದೊಂದು ದಿನ ತಿಂಡಿ ತಿನ್ನೋ ಹೊತ್ತಿಗೆ ಊಟದ ಹೊತ್ತಾಗಿರುತ್ತೆ," ಎನ್ನುತ್ತಾರೆ.

ಇವರಿಗೀಗ ನಲವತ್ತಮೂರು. ವೃತ್ತಿಪರ ಗಾಲ್ಫ್ ಆಟಗಾರ್ತಿಯಾಗಿ ಹತ್ತೊಂಬತ್ತು ವರ್ಷ ಕಳೆದಿದ್ದಾರೆ. ಆಡಿದ ಪಂದ್ಯಾವಳಿಗಳು ಇನ್ನೂರ ಹನ್ನೆರಡು, ಗೆದ್ದದ್ದು ಒಂದೂ ಇಲ್ಲ. ಮೂರು ಸಲ ಎರಡನೆಯವರಾಗಿದ್ದಾರೆ. ಮೊದಲ ಎರಡು ದಿನ ಹಿಂದೆ ಬಿದ್ದವರು ಮೂರನೇ ದಿನ ಗಂಟುಮೂಟೆ ಕಟ್ಟಬೇಕು ಎಂಬುದು ಈ ಆಟದ ನಿಯಮ. ಹಾಗೆ ಕಟ್ಟದೆ ಕೊನೆಯ ದಿನದವರೆಗೂ ಉಳಿದದ್ದು ನೂರ ನಲವತ್ತು ಸಲ. ಈ ಅಂಕಿಗಳೆಲ್ಲ ಬಾಯಿಪಾಠ ಇರುವುದು ಅವರ ಅಣ್ಣನಿಗೆ. ತಂಗಿಯ ಚೀಲ ಹೊರುವವರು, ನೆಲದ ಇಳಿಜಾರು ನೋಡಿ ಹೇಳುವವರು, ಪಂದ್ಯ ಇಲ್ಲದ ದಿನ ಸರಕಿನ ಗಾಡಿ ಓಡಿಸುವವರು.

"ಪೇಪರಿನಲ್ಲಿ ಮೊದಲ ಐದು ಜನರ ಹೆಸರು ಹಾಕ್ತೀರ. ಆಮೇಲೆ 'ಮತ್ತಿತರರು ಭಾಗವಹಿಸಿದ್ದರು' ಅಂತ ಮುಗಿಸಿಬಿಡ್ತೀರ. ಆ ಮತ್ತಿತರರು ಅಂದ್ರೆ ನಾವೇ," ಎನ್ನುತ್ತಾರೆ ಅಣ್ಣ. ವರದಿ ಬರೆಯಲು ಬಂದ ನಾನು ಪೆನ್ನಿನ ಕಡೆ ನೋಡುತ್ತೇನೆ.

ಅವರ ತಾಯಿ ಇದೇ ಕ್ಲಬ್ಬಿನ ಬಟ್ಟೆ ಒಗೆಯುವ ಕೋಣೆಯಲ್ಲಿದ್ದರು. ದಿನಕ್ಕೆ ಇನ್ನೂರು ಟವೆಲ್ ಒಗೆದು, ಒಣಗಿಸಿ, ಮಡಚಿಡುವ ಕೆಲಸ. ಶಾಲೆ ಬಿಟ್ಟ ಮೇಲೆ ಮಗಳು ಸೋಪಿನ ಹಬೆಯ ನಡುವೆ ಕೂತು ಲೆಕ್ಕ ಮಾಡುತ್ತಿದ್ದಳು. ಹತ್ತನೇ ವಯಸ್ಸಿನಲ್ಲಿ, ಆ ಕೋಣೆಯ ಹಿಂದೆ ಎಸೆದಿದ್ದ ಹಿಡಿ ಸವೆದ ಕೋಲೊಂದು ಕೈಗೆ ಸಿಕ್ಕಿತು. ಹುಡುಗಿ ಎಡಚಿ, ಕೋಲು ಬಲಗೈಯವರದ್ದು. ಕೋಲಿನ ಮುಖ ತಿರುವಿಹಾಕಿ, ತುದಿಯಿಂದ ಎಡಗಡೆಗೇ ಬೀಸತೊಡಗಿದಳು. ಕ್ಲಬ್ಬಿನ ಮುದಿ ತರಬೇತುದಾರರು ನೋಡಿ ಗದರಿದರು.

"'ಎಡಗೈ ಕೋಲು ನನ್ ಹತ್ರ ಇಲ್ಲ. ಇರೋದರಲ್ಲಿ ಸರಿಯಾಗಿ ಕಲೀತೀಯೋ, ಟವೆಲ್ ಮಡಚ್ತೀಯೋ?' ಅಂದ್ರು. ಟವೆಲ್ ಮಡಚೋದು ಆಗಲೇ ಬರ್ತಿತ್ತಲ್ಲ, ಅದಕ್ಕೆ ಇದನ್ನ ಕಲಿತೆ," ಎಂದು ನಗುತ್ತಾರೆ.

ಹೀಗೆ ಬರೆಯುವುದು, ಹಲ್ಲುಜ್ಜುವುದು ಎಡಗೈಯಲ್ಲಿ, ಹೊಟ್ಟೆಪಾಡು ಬಲಗೈಯಲ್ಲಿ ಎಂದಾಯಿತು. ಇಪ್ಪತ್ತನಾಲ್ಕಕ್ಕೆ ವೃತ್ತಿಗಿಳಿದರು. ಹತ್ತು ವರ್ಷ ಆಟ ಕುಂಟದೆ ಸಾಗಿತು. ಮೂವತ್ತನಾಲ್ಕರಲ್ಲಿ, ಮಗಳಿಗೆ ಐದು ತುಂಬಿದ ವರ್ಷ, ಬಚ್ಚಲಲ್ಲಿ ಜಾರಿ ಬಿದ್ದರು. ಕೈ ಕೈಕೊಟ್ಟಿತು. ಬಲ ಮಣಿಕಟ್ಟಿನಲ್ಲಿ ಎರಡು ಕಡೆ ಮುರಿತ.

ಪತಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವರು. ಹೆಂಡತಿಯ ಮೂಳೆಯನ್ನು ಮೊದಲು ನೋಡಿದವರೂ ಅವರೇ. "ಬಾಯ್ತುಂಬ ಮಾತಾಡೋ ಮನುಷ್ಯ. ಚಿತ್ರ ನೋಡಿ ಸುಮ್ನಾಗಿಬಿಟ್ರು. ಡಾಕ್ಟರು ಹೇಳೋಕೆ ಮುಂಚೆನೇ ನಂಗೆ ಗೊತ್ತಾಯ್ತು."

ಬಟ್ಟಲು ಎತ್ತಬಹುದು, ಆಟ ಮರೆತುಬಿಡಿ ಎಂದರು ವೈದ್ಯರು. ಹದಿನಾಲ್ಕು ತಿಂಗಳು ಮನೆಯಲ್ಲಿ. ಮೊದಲು ಒದ್ದೆ ಟವೆಲ್ ಹಿಂಡುವುದು, ಆಮೇಲೆ ಮರಳು ತುಂಬಿದ ಬಾಟಲಿ ತಿರುಗಿಸುವುದು, ಕೊನೆಗೆ ಕೋಲು. ಹಳೆಯ ದೂರ ಮರಳಲಿಲ್ಲ. ಮೊದಲಿಗಿಂತ ಮೂವತ್ತು ಹೆಜ್ಜೆ ಹಿಂದೆಯೇ ಚೆಂಡು ಬೀಳುತ್ತಿತ್ತು. "ದೂರ ಹೋದ್ರೆ ಹೋಗ್ಲಿ, ಹತ್ತಿರದ್ದನ್ನ ಬಿಡಬಾರದು ಅಂತ ಕೂತೆ," ಎನ್ನುತ್ತಾರೆ. ದಿನಕ್ಕೆ ನಾಲ್ಕು ಗಂಟೆ ಬರೀ ಕುಳಿಯ ಸುತ್ತಲಿನ ಆಟ. ನಾಲ್ಕಡಿಯ ನೂರು ಚೆಂಡಿನ ವ್ರತ ಹಿಡಿದದ್ದೂ ಆಗಲೇ.

ಆದರೆ ಅಷ್ಟು ದಿನ ಆಡದಿದ್ದುದರಿಂದ ಆಟದ ಪರವಾನಗಿ ಕೈತಪ್ಪಿತ್ತು. ಅದನ್ನು ಮರಳಿ ಪಡೆಯಲು ನಾಲ್ಕು ದಿನದ ಅರ್ಹತಾ ಪರೀಕ್ಷೆ ದಾಟಬೇಕು. ನೂರಹತ್ತು ಜನರಲ್ಲಿ ಇಪ್ಪತ್ತು ಮಂದಿಗೆ ಮಾತ್ರ ಜಾಗ. ನಾಲ್ಕನೇ ದಿನದ ಕೊನೆಯ ಕುಳಿಯನ್ನು ನಾಲ್ಕು ಹೊಡೆತದಲ್ಲಿ ಮುಗಿಸಿದರೆ ಒಳಗೆ, ಐದಾದರೆ ಹೊರಗೆ.

ಮೊದಲ ಹೊಡೆತವೇ ಎಡವಟ್ಟಾಯಿತು. ಚೆಂಡು ಹಾರಿ ಒಂದು ದಪ್ಪ ಮರದ ಬುಡಕ್ಕೆ ಒರಗಿ ಕೂತಿತು. ಬಲಗೈಯಲ್ಲಿ ಹೊಡೆಯಬೇಕೆಂದರೆ ಮರದ ಒಳಗೇ ನಿಲ್ಲಬೇಕು!

"ಅಣ್ಣನ ಮುಖ ನೋಡಿದೆ. ಅವನು ಚೀಲದಿಂದ ಒಂದು ಕೋಲು ತೆಗೆದು, ಅದರ ಮುಖ ತಿರುವಿ ಕೊಟ್ಟ."

"ಚಿಕ್ಕವಳಿದ್ದಾಗ ಹೊಡೀತಿದ್ಯಲ್ಲ ಪುಟ್ಟಿ, ಹಾಗೇ ಹೊಡಿ ಅಂದೆ," ಎನ್ನುತ್ತಾರೆ ಅಣ್ಣ. ನಲವತ್ತಮೂರರ ತಂಗಿಯನ್ನು ಅವರು ಈಗಲೂ ಪುಟ್ಟಿ ಎಂದೇ ಕರೆಯುತ್ತಾರೆ.

ಇಪ್ಪತ್ತೈದು ವರ್ಷದಿಂದ ಬೀಸದ ಎಡಗಡೆಯ ಬೀಸು. ಕೋಲಿನ ತುದಿ ಚೆಂಡಿಗೆ ತಾಗಿತು. ಅದು ಬೇರುಗಳ ನಡುವಿಂದ ಚಿಮ್ಮಿ, ನೆಲಕ್ಕಂಟಿಕೊಂಡೇ ಓಡಿ, ಕುಳಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಂದು ನಿಂತಿತು. ಮೂರನೆಯ ಹೊಡೆತಕ್ಕೆ ಕುಳಿಯಿಂದ ಐದಡಿ. ನಾಲ್ಕನೆಯದು ಒಳಗೆ. ಪಟ್ಟಿಯಲ್ಲಿ ಇಪ್ಪತ್ತನೆಯವರು ಅವರು.

"ಗೆದ್ದವರಿಗೆ ಹೂಗುಚ್ಛ ಕೊಡ್ತಿದ್ರು. ಇಪ್ಪತ್ತನೆಯವರಿಗೆ ಏನೂ ಇಲ್ಲ. ಅಣ್ಣ ಚೀಲದ ಮೇಲೆ ಮುಖ ಇಟ್ಕೊಂಡು ಅತ್ತುಬಿಟ್ಟ."

"ಬೆವರು ಒರೆಸಿಕೊಳ್ತಿದ್ದೆ," ಎಂದು ಅಣ್ಣ ತಿದ್ದುತ್ತಾರೆ.

ಅದಾಗಿ ಎಂಟು ವರ್ಷ. ಅವರು ಮತ್ತೆ ಆ ಪರೀಕ್ಷೆಗೆ ಕೂರಬೇಕಾಗಿ ಬಂದಿಲ್ಲ. ಅರ್ಧ ವಯಸ್ಸಿನ ಹುಡುಗಿಯರು ಅವರಿಗಿಂತ ಅರವತ್ತು ಹೆಜ್ಜೆ ಮುಂದೆ ಚೆಂಡು ಹಾರಿಸುತ್ತಾರೆ. ಕುಳಿಯ ಹತ್ತಿರ ಬಂದಾಗ ಮಾತ್ರ ಅದೇ ಹುಡುಗಿಯರು ತಮ್ಮ ಆಟ ಬಿಟ್ಟು ಇವರ ಕೈ ನೋಡುತ್ತಾ ನಿಲ್ಲುತ್ತಾರೆ. ನಾನೇ ಕಣ್ಣಾರೆ ನೋಡುತ್ತಿದ್ದೇನೆ, ಈಗಲೂ ಇಬ್ಬರು ಚೀಲ ಕೆಳಗಿಟ್ಟು ನಿಂತಿದ್ದಾರೆ.

ಮುಂದೇನು ಎಂದರೆ, "ಒಂದ್ ಗೆದ್ರೆ ಬೇಡ ಅನ್ನಲ್ಲ," ಎನ್ನುತ್ತಾರೆ. "ಆದ್ರೆ ನಿಲ್ಲಿಸೋ ದಿನ ನಾನೇ ನಿಲ್ಲಿಸ್ಬೇಕು. ಚೀಲ ನಾನೇ ಕೆಳಗಿಡಬೇಕು."

"ಹೊರೋದು ನಾನು, ಇಡೋದು ಇವಳಂತೆ," ಎಂದು ಅಣ್ಣ ಗೊಣಗುತ್ತಾರೆ.

ನಾನು ಹೊರಡುವ ಮುಂಚೆ ತಂಗಿ ಕಳೆದ ತಿಂಗಳ ಒಂದು ಸಂಗತಿ ಹೇಳುತ್ತಾರೆ. ಮಗಳನ್ನು ಹೊಸ ಶಾಲೆಗೆ ಸೇರಿಸಲು ಹೋಗಿದ್ದರು. ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ಮಗಳೇ 'ಗಾಲ್ಫ್' ಎಂದು ತುಂಬಿದ್ದಳು. ಗುಮಾಸ್ತರು ಕನ್ನಡಕ ಏರಿಸಿ, "ಮೇಡಂ, ಇದು ಹವ್ಯಾಸ ಆಯ್ತು, ಉದ್ಯೋಗ ಬರೀರಿ," ಎಂದರಂತೆ.

"ನಾನಂದೆ, ಹವ್ಯಾಸಕ್ಕೆ ನಾನು ಮನೇಲಿ ಬಟ್ಟೆ ಹೊಲೀತೀನಿ ಸಾರ್. ಇದು ಕೆಲಸ."