ಹನ್ನೊಂದೂವರೆಗೆ ಹೊಡೆಯದ ಬೆಲ್

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕಂಪ್ಯೂಟರ್ ನಾವು ಬರೆದದ್ದನ್ನಷ್ಟೇ ಮಾಡುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ಮಾತನ್ನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಆದರೂ ಆ ಭಾನುವಾರ ನಡೆದದ್ದನ್ನು ಮುಚ್ಚಿಡಲಾರೆ. ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಪಾಣೆಮಂಗಳೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಾನೂ ಗೆಳೆಯ ಉಮೇಶನೂ ಸಣ್ಣ ಸಾಫ್ಟ್‌ವೇರ್ ಕಚೇರಿ ನಡೆಸುತ್ತಿದ್ದೆವು. ಇಂಗ್ಲೆಂಡಿನಲ್ಲಿ ಒಂಟಿಯಾಗಿರುವ ನಲವತ್ತು ಮಂದಿ ವೃದ್ಧರಿಗೆ ಮದ್ದಿನ ಹೊತ್ತು ನೆನಪಿಸುವುದು ನಮ್ಮ ಸರ್ವರಿನ ಕೆಲಸ. ಅಲ್ಲಿ ಬೆಳಿಗ್ಗೆ ಏಳಾಗುವಾಗ ಅವರ ಹಾಸಿಗೆ ಪಕ್ಕದ ಬೆಲ್ ಹೊಡೆಯಬೇಕು. ಈ ಕೆಲಸ ಕೊಡಿಸಿದವಳು ಅಲ್ಲಿ ನರ್ಸ್ ಆಗಿದ್ದ ನನ್ನ ತಂಗಿ ವನಿತಾ.

ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿ. ದುಬೈಗೆ ಫೋನ್ ಮಾಡಬೇಕಾದರೆ ನಮ್ಮ ಗಡಿಯಾರದಿಂದ ಒಂದೂವರೆ ಗಂಟೆ ಕಳೆಯಬೇಕೆಂಬುದು ಅಜ್ಜಿಯರಿಗೂ ಬಾಯಿಪಾಠ. ಅದು ವರ್ಷವಿಡೀ ಬದಲಾಗುವುದಿಲ್ಲ. ಅದೇ ಅಭ್ಯಾಸದಲ್ಲಿ ನಾನು ಇಂಗ್ಲೆಂಡಿಗೆ ನಾಲ್ಕೂವರೆ ಗಂಟೆ ಕಳೆ ಎಂದು ಬರೆದುಬಿಟ್ಟಿದ್ದೆ. ಬೇಸಿಗೆಯಲ್ಲಿ ಅದು ಸರಿ. ಅಕ್ಟೋಬರ್ ಕೊನೆಗೆ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಐದೂವರೆ ಕಳೆಯಬೇಕು. ಓದಿ ಗೊತ್ತಿತ್ತು, ಬರೆಯುವಾಗ ತಲೆಗೆ ಬರಲಿಲ್ಲ.

ಆ ಭಾನುವಾರ ಬೆಳ್ತಂಗಡಿಯಿಂದ ಮೂಡಬಿದ್ರೆಗೆ ಮದುವೆ ಊಟಕ್ಕೆ ಹೊರಟಿದ್ದೆ. ಬಸ್ಸು ವೇಣೂರಿನಲ್ಲಿ ನಿಂತಿದ್ದಾಗ, ಹನ್ನೊಂದು ಇಪ್ಪತ್ತಕ್ಕೆ, ವನಿತಾ ಫೋನ್ ಮಾಡಿದಳು.

"ಅಣ್ಣ, ಇಲ್ಲಿ ಇವತ್ತು ಗಡಿಯಾರ ಹಿಂದೆ ಹಾಕಿದ್ದಾರೆ. ನಿನ್ನ ಸರ್ವರಿಗೆ ಗೊತ್ತುಂಟಾ?"

ಸರ್ವರಿಗೆ ಗೊತ್ತಿರಲಿಲ್ಲ. ಇನ್ನು ಹತ್ತು ನಿಮಿಷಕ್ಕೆ, ಅಲ್ಲಿ ಆರು ಗಂಟೆಗೇ, ಎಲ್ಲ ಬೆಲ್‌ಗಳೂ ಹೊಡೆಯಲಿದ್ದವು. ಮೂವತ್ತೊಂಬತ್ತು ಮಂದಿಯದು ಸಾಮಾನ್ಯ ಮಾತ್ರೆಗಳು, ಒಂದು ಗಂಟೆ ಮೊದಲಾದರೂ ತೊಂದರೆಯಿಲ್ಲ. ಒಬ್ಬ ಅಜ್ಜ ಮಾತ್ರ ಬೆಲ್ ಕೇಳಿದೊಡನೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುವವರು. ವನಿತಾ ಏಳಕ್ಕೆ ಹೋಗಿ ತಿಂಡಿ ಕೊಡುತ್ತಿದ್ದಳು. ತಿಂಡಿಯಿಲ್ಲದೆ ಅಷ್ಟು ಹೊತ್ತು ಕಳೆದರೆ ಸಕ್ಕರೆ ಇಳಿದು, ನೋಡುವವರಿಲ್ಲದೆ, ಅಲ್ಲೇ ಮುಗಿದುಹೋಗುತ್ತಿದ್ದರು. ಅವರ ಫೋನು ಕೆಳಗಿನ ಕೋಣೆಯಲ್ಲಿ, ಮಲಗಿದ್ದಲ್ಲಿಗೆ ಕೇಳುವುದಿಲ್ಲ. ವನಿತಾ ಓಡಿ ಹೊರಟರೂ ಒಂದು ಗಂಟೆಯ ದಾರಿ.

ನನ್ನ ಲ್ಯಾಪ್‌ಟಾಪ್ ಪಾಣೆಮಂಗಳೂರಿನಲ್ಲಿತ್ತು. ಪಾಸ್‌ವರ್ಡ್ ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ಉಮೇಶನಿಗೊಬ್ಬನಿಗೆ, ಅವನು ಫೋನ್ ಎತ್ತಲಿಲ್ಲ. ಬಸ್ಸಿನಿಂದ ಇಳಿದು, ನಡು ಬಿಸಿಲಲ್ಲಿ ನಿಂತು, ಹನ್ನೊಂದೂವರೆ ಆಗುವುದನ್ನು ನೋಡಿದೆ. ನಾನೊಬ್ಬ ಮನುಷ್ಯನನ್ನು ಕೊಂದೆ ಎಂದುಕೊಂಡೆ.

ಹನ್ನೆರಡೂವರೆಗೆ ಸ್ವಲ್ಪ ಮೊದಲು ವನಿತಾಳ ಫೋನ್ ಬಂತು.

"ಅಜ್ಜ ಇನ್ನೂ ಎದ್ದೇ ಇಲ್ಲ. ಆರಾಮವಾಗಿ ಗೊರಕೆ ಹೊಡೀತಿದ್ದಾರೆ. ಬೆಲ್ ಆಗ್ಲಿಲ್ಲ."

ಅವಳು ಮಾತಾಡುತ್ತಿದ್ದ ಹಾಗೆಯೇ ಆ ಕಡೆಯಿಂದ ಬೆಲ್ ಹೊಡೆದದ್ದು ಕೇಳಿಸಿತು. ಸರಿಯಾಗಿ ಹನ್ನೆರಡೂವರೆ, ಅಲ್ಲಿ ಏಳು ಗಂಟೆ.

ಸಂಜೆ ಸರ್ವರಿನ ದಾಖಲೆ ತೆಗೆದು ನೋಡಿದೆ. ಮೂವತ್ತೊಂಬತ್ತು ಬೆಲ್ ಹನ್ನೊಂದೂವರೆಗೇ ಹೋಗಿದ್ದವು. ಅಜ್ಜನ ಹೆಸರಿನ ಮುಂದೆ ಮಾತ್ರ 'ಹೋಲ್ಡ್' ಎಂದಿತ್ತು. ತಡೆದು ನಿಲ್ಲಿಸುವ ಅಂಥದ್ದೊಂದು ಆಜ್ಞೆ ನನ್ನ ಪ್ರೋಗ್ರಾಮಿನಲ್ಲಿ ಇರಲೇ ಇಲ್ಲ. ಹೊರಗಿನಿಂದ ಯಾರೂ ಒಳಗೆ ಬಂದ ಗುರುತೂ ಇರಲಿಲ್ಲ. ಅದೇ ಮದುವೆಗೆ ಹೋಗಿದ್ದ ಉಮೇಶನ ಫೋನು ಊಟ ಮುಗಿಯುವವರೆಗೂ ಬೈಕಿನ ಡಿಕ್ಕಿಯಲ್ಲಿತ್ತು.

"ಏನೂ ಆಗ್ಲಿಲ್ಲ ಅಲ್ವಾ ಮಾರಾಯ, ಆ ದಾಖಲೆ ಅಳಿಸಿಬಿಡುವ" ಎಂದ ಉಮೇಶ. ಅಮ್ಮನಿಗೆ ತಿಳಿದಾಗ, "ದೈವ ಕೈ ಬಿಡ್ಲಿಲ್ಲ ಮಗಾ, ಒಂದು ಹರಕೆ ಹೇಳಿಕೊಳ್ಳುವ" ಎಂದರು. ಎರಡನ್ನೂ ನಾನು ಒಪ್ಪಲಿಲ್ಲ. ಅಳಿಸಿದರೆ ತಪ್ಪು ಇರಲೇ ಇಲ್ಲ ಎಂದಾಗುತ್ತದೆ, ಹರಕೆ ತೀರಿಸಿದರೆ ತಪ್ಪೂ ತೀರಿತು ಎಂದಾಗುತ್ತದೆ. ನನಗೆ ಎರಡೂ ಬೇಡ. ತಪ್ಪು ನನ್ನದೆಂದು ಇಂಗ್ಲೆಂಡಿನವರಿಗೆ ಬರೆದೆ. ಆ ಕೆಲಸ ನಮ್ಮ ಕೈತಪ್ಪಿತು, ಉಮೇಶ ಒಂದು ತಿಂಗಳು ಮಾತು ಬಿಟ್ಟ. ಬಿಡಲಿ.

ಆ ಹಳೆಯ ಪ್ರೋಗ್ರಾಮು ಇನ್ನೂ ನನ್ನ ಬಳಿ ಇದೆ. ಪ್ರತಿ ಅಕ್ಟೋಬರಿನಲ್ಲಿ, ಒಂದು ಅಕ್ಷರವನ್ನೂ ಬದಲಿಸದೆ, ಅದೇ ದಿನಾಂಕ ಕೊಟ್ಟು ಅದನ್ನು ಓಡಿಸುತ್ತೇನೆ. ಪ್ರತಿ ಸಲವೂ ಪರದೆಯ ಮೇಲೆ ನಲವತ್ತು ಬೆಲ್‌ಗಳೂ ಹನ್ನೊಂದೂವರೆಗೇ ಹೊಡೆಯುತ್ತವೆ. ಪ್ರತಿ ಸಲವೂ ಅಜ್ಜ ಸಾಯುತ್ತಾರೆ.

ಆ ಒಂದು ದಿನ ಮಾತ್ರ ಸಾಯಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ. ಗೊತ್ತುಂಟು ಎನ್ನುವವರ ಮಾತಿಗೆ ತಲೆಬಾಗುವುದೂ ಇಲ್ಲ.