ಅತ್ತೆ ಹಿಡಿದ ಸೀಲಂಟ್ ಬಾಟಲಿ

ನಮ್ಮ ಅತ್ತೆಯವರು ಮೊದಲ ಸಲ ನನ್ನ ಸ್ಕೂಟರ್ ಹತ್ತಿದ್ದು ಅವರ ಅಕ್ಕ ತೀರಿಕೊಂಡ ದಿನ. ಅದಕ್ಕೂ ಮೊದಲು ಎಷ್ಟು ಕರೆದರೂ ಹತ್ತಿರಲಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಸೊಸೆಯ ಹಿಂದೆ ಕುಳಿತು ಸಂತೆಗೆ ಹೋಗುವ ಅತ್ತೆಯರು ಈಗ ಬೇಕಾದಷ್ಟು ಜನ ಇದ್ದಾರೆ. ನಮ್ಮವರದು ಮಾತ್ರ ಒಂದೇ ಮಾತು.

"ಈ ವಯಸ್ಸಿನ್ಯಾಗ ಗಾಡಿ ಮ್ಯಾಲೆ ಕುಂತು ಮೆರೀಲೇನು? ನೋಡಿದ ಮಂದಿ ಏನಂದಾರು?"

ಮೊಣಕಾಲು ನೋವಿನಿಂದಾಗಿ ಬಸ್ಸಿನ ಮೆಟ್ಟಿಲು ಹತ್ತುವುದೂ ಅವರಿಂದ ಆಗುತ್ತಿರಲಿಲ್ಲ. ಹೀಗಾಗಿ ಹಿರೇವಡ್ಡಟ್ಟಿಯಲ್ಲಿದ್ದ ಅಕ್ಕನ ಜೊತೆ ಅವರ ಒಡನಾಟವೆಲ್ಲ ಫೋನಿನಲ್ಲೇ. ಅಕ್ಕ ಹಾಸಿಗೆ ಹಿಡಿದ ಮೇಲೆ ಅದೂ ಕಡಿಮೆಯಾಗಿತ್ತು.

ಸುದ್ದಿ ಬಂದಾಗ ಬೆಳಗಿನ ರೊಟ್ಟಿ ಇನ್ನೂ ಹಂಚಿನ ಮೇಲಿತ್ತು. ಮಧ್ಯಾಹ್ನ ಮಣ್ಣು ಮಾಡುತ್ತಾರೆ ಎಂದರು. ನನ್ನ ಗಂಡ ಶಿರಹಟ್ಟಿಯಲ್ಲಿ ಕೆಲಸಕ್ಕೆ ಹೋಗಿದ್ದರು, ಅಲ್ಲಿಂದಲೇ ನೇರ ಬರುತ್ತೇನೆ ಎಂದರು. ಮದುವೆಗಳ ದಿನಗಳು, ಬಾಡಿಗೆಗೆ ಒಂದು ಕಾರೂ ಸಿಗಲಿಲ್ಲ. ನಾನು ಸೀರೆ ಉಟ್ಟು ಸ್ಕೂಟರ್ ಹೊರಗೆ ತಂದು ನಿಲ್ಲಿಸಿದೆ. ಅತ್ತೆಯವರು ಓಣಿಯ ಆ ತುದಿ ಈ ತುದಿ ನೋಡಿದರು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಹಿಂದೆ ಕುಳಿತು ನನ್ನ ಭುಜ ಹಿಡಿದರು.

ಡಂಬಳ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಗಾಡಿಯ ಹಿಂಭಾಗ ಹಾವಿನಂತೆ ಹೊರಳಾಡತೊಡಗಿತು. ನಿಲ್ಲಿಸಿ ಇಳಿದು ನೋಡಿದೆ. ಹಿಂದಿನ ಗಾಲಿ ನೆಲಕ್ಕೆ ಅಂಟಿಕೊಂಡಿತ್ತು. ಒಂದು ಸಣ್ಣ ತಂತಿಯ ತುಣುಕು ಟೈರಿನ ನಡುವೆ ಚುಚ್ಚಿಕೊಂಡಿತ್ತು. ಎರಡೂ ಕಡೆ ಹೊಲ, ದೂರದಲ್ಲಿ ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಪಂಕ್ಚರ್ ಅಂಗಡಿ ಇರಲಿ, ನಿಲ್ಲಲು ಒಂದು ಮರದ ನೆರಳೂ ಇರಲಿಲ್ಲ.

ಸೀಟಿನ ಕೆಳಗೆ ನನ್ನ ಗಂಡ ಇಟ್ಟಿದ್ದ ಪಂಕ್ಚರ್ ಕಿಟ್ ಇತ್ತು. ತೂತು ಮುಚ್ಚುವ ಅಂಟುನೀರು, ಅಂದರೆ ಸೀಲಂಟ್ ತುಂಬಿದ ಪ್ಲಾಸ್ಟಿಕ್ ಬಾಟಲಿ, ಅದಕ್ಕೊಂದು ಸಣ್ಣ ನಳಿಕೆ, ವಾಲ್ವಿನೊಳಗಿನ ಪಿನ್ನು ಬಿಚ್ಚುವ ಚಾವಿ, ಕಾಲಿನಿಂದ ತುಳಿಯುವ ಪಂಪು. ಇದನ್ನು ಬಳಸುವುದು ಹೇಗೆಂದು ಅವರು ಒಂದು ಭಾನುವಾರ ಅಂಗಳದಲ್ಲಿ ತೋರಿಸಿದ್ದರು. ನಾನು ಬದನೆಕಾಯಿ ಹೆಚ್ಚುತ್ತ ಅರ್ಧ ಕೇಳಿದ್ದೆ. ಈಗ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು ರಸ್ತೆಯ ಬದಿಗೆ ಮಂಡಿಯೂರಿದೆ. ತಂತಿಯನ್ನು ಕಿತ್ತಾಗ ಒಳಗಿದ್ದ ಚೂರು ಗಾಳಿಯೂ ಉಸ್ಸೆಂದು ಹೋಯಿತು.

ಅತ್ತೆಯವರು ಒಂದು ಕಲ್ಲಿನ ಮೇಲೆ ಕುಳಿತು ಅಳುತ್ತಿದ್ದರು. ದಾರಿಯಲ್ಲಿ ಯಾರಾದರೂ ಬಂದರೆ ಅಳು ನಿಲ್ಲಿಸಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಕೂಲಿ ಹೆಂಗಸರನ್ನು ತುಂಬಿಕೊಂಡ ಒಂದು ಟ್ರ್ಯಾಕ್ಟರ್ ನಮ್ಮನ್ನು ನೋಡಿ ನಿಧಾನವಾಯಿತು.

"ಗಂಡಸರು ಯಾರೂ ಜೋಡಿ ಬಂದಿಲ್ಲೇನವಾ?" ಎಂದು ಒಬ್ಬಾಕೆ ಮೇಲಿನಿಂದ ಕೇಳಿದಳು.

"ಇಲ್ಲರಿ, ಬರ್ತಾರ್ರಿ" ಎಂದೆ. ಯಾಕೆ ಹಾಗೆ ಎರಡೂ ಹೇಳಿದೆನೋ. ಅವರು ನಕ್ಕರು. ಕೆಟ್ಟ ನಗೆಯಲ್ಲ, ಆದರೆ ನನ್ನ ಕಿವಿ ಬಿಸಿಯಾದವು.

ಆಮೇಲೆ ಬೈಕಿನ ಮೇಲೆ ಬಂದ ಒಬ್ಬರು ನಿಲ್ಲಿಸಿದರು. ಅತ್ತೆಯವರನ್ನು ನೋಡಿ, "ಹಿರೇವಡ್ಡಟ್ಟಿ ಮಣ್ಣಿಗೆ ಹೊಂಟೀರೇನ್ರಿ? ನಾನೂ ಅಲ್ಲಿಗೇ ಹೊಂಟೀನಿ. ಅಮ್ಮಾರನ್ನ ನಾ ಕರ್ಕೊಂಡು ಹೋಗ್ತೀನಿ, ನೀವು ಹಿಂದಿಂದ ಬರ್ರಿ" ಎಂದರು.

"ಹೋಗ್ರಿ ಅತ್ತಿ, ಮುಖಾನರ ನೋಡಾಕ ಸಿಗ್ತೈತಿ" ಎಂದೆ.

ಅವರು ಸೆರಗಿನೊಳಗಿಂದಲೇ ತಲೆ ಅಲ್ಲಾಡಿಸಿದರು. ಪರ ಗಂಡಸಿನ ಬೈಕು, ಅದೂ ಅಕ್ಕನ ಊರಿನೊಳಗೆ. ಆ ಮನುಷ್ಯ ನನ್ನನ್ನು ನೋಡಿದರು, ಗಾಲಿಯನ್ನು ನೋಡಿದರು. "ಆತು, ನಾ ಹೋಗಿ ಹೇಳಿರ್ತೀನಿ" ಎಂದು ಹೊರಟರು. ಅವರು ಕಣ್ಮರೆಯಾದ ಮೇಲೆ ಅತ್ತೆಯವರು ಎದ್ದು ಬಂದರು.

"ಏನು ಹಿಡೀಬೇಕು ಹೇಳವಾ. ಸುಮ್ಮ ಕುಂಡ್ರಾಕ ಆಗವಲ್ದು."

ವಾಲ್ವಿನ ಪಿನ್ನು ಬಿಚ್ಚಿ ನಳಿಕೆಯನ್ನು ಸಿಕ್ಕಿಸಿ ಹಿಡಿದುಕೊಂಡೆ. ಬಾಟಲಿಯನ್ನು ಅವರ ಕೈಗೆ ಕೊಟ್ಟು ಮೆಲ್ಲಗೆ ಒತ್ತಲು ಹೇಳಿದೆ. ಮೆಲ್ಲಗೆ ಎನ್ನುವುದು ಅವರಿಗೆ ಕೇಳಿಸಲಿಲ್ಲವೋ, ಜಲ್ದಿ ಮುಗಿಯಲಿ ಎಂಬ ಆತುರವೋ, ಎರಡೂ ಕೈ ಸೇರಿಸಿ ಒತ್ತಿದರು. ಅರ್ಧ ಬಾಟಲಿ ಒಳಗೆ ಹೋಯಿತು. ಆಮೇಲೆ ನಳಿಕೆ ಕಳಚಿ, ಪಾಚಿ ಬಣ್ಣದ ಆ ಅಂಟುನೀರು ನಮ್ಮಿಬ್ಬರ ಮೇಲೆ ಚಿಮ್ಮಿತು. ನನ್ನ ಎದೆ, ತೋಳು, ಅವರ ಬಿಳಿ ಸೀರೆಯ ಮಡಿಲು, ಗಲ್ಲ. ಅವರು ಬಾಟಲಿ ಹಿಡಿದುಕೊಂಡು ಹಾಗೇ ನಿಂತರು. ಒರೆಸಿದಷ್ಟೂ ಅದು ಹರಡಿತು. ಕುಡಿಯುವ ನೀರು ಸುರಿದೆ, ಇನ್ನೂ ಹರಡಿತು.

ಪಿನ್ನು ಮತ್ತೆ ಬಿಗಿದು ಪಂಪು ತುಳಿದೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗಾಲಿ ತಿರುಗಿಸಿದಾಗ ತಂತಿ ಚುಚ್ಚಿದ ಕಡೆ ಹಸಿರು ಗುಳ್ಳೆಯೊಂದು ಉಬ್ಬಿ, ಒಡೆದು, ನಿಂತಿತು. ಗಾಳಿ ಹೋಗುವ ಸದ್ದೂ ನಿಂತಿತು. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆ.

ನಾವು ಊರು ಮುಟ್ಟಿದಾಗ ಹೆಣವನ್ನು ಕಟ್ಟೆಯ ಮೇಲೆ ಕೂಡಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಭಜನೆ ನಡೆದಿತ್ತು. ಅತ್ತೆಯವರು ಅಕ್ಕನ ಪಾದದ ಮೇಲೆ ಬಿದ್ದು ಅತ್ತರು. ಸತ್ತವರ ಮಗಳು ಓಡಿ ಬಂದು ಅವರನ್ನು ತಬ್ಬಿಕೊಂಡಳು, ಆಮೇಲೆ ನನ್ನನ್ನು. ಆ ಕಡೆಯ ಚಿಕ್ಕಮ್ಮ, ಈ ಕಡೆಯ ಅತ್ತಿಗೆ, ನೆರೆಮನೆಯವರು, ಎಲ್ಲರೂ ಒಬ್ಬೊಬ್ಬರಾಗಿ ಬಂದು ಕೊರಳಿಗೆ ಬಿದ್ದು ಅತ್ತರು. ಅಂಟು ಇನ್ನೂ ಒಣಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಮಗಳ ಭುಜ ನೋಡಿದಾಗ. ಅವಳ ಸೀರೆಯ ಮೇಲೆ ಹಸಿರು ಬಳಿದುಕೊಂಡಿತ್ತು. ಚಿಕ್ಕಮ್ಮನ ಕುತ್ತಿಗೆಯ ಹತ್ತಿರವೂ ಇತ್ತು. ಅತ್ತವರೆಲ್ಲರ ಮೈಮೇಲೆ ನಮ್ಮ ಗಾಲಿಯ ಗುರುತು. ಹಿಂದಕ್ಕೆ ಸರಿಯಲು ನೋಡಿದರೂ ಬಿಡುವವರು ಯಾರು? ಇನ್ನೊಬ್ಬಾಕೆ ಬಂದು ತಬ್ಬಿಕೊಂಡಳು.

ಬಾಗಿಲ ಬಳಿ ಕುಳಿತಿದ್ದ ಒಬ್ಬ ಮುದುಕಿ ನನ್ನ ಸೆರಗು ಹಿಡಿದೆಳೆದಳು. "ದಾರ್ಯಾಗ ಬಿದ್ರೇನವಾ? ಮೈತುಂಬ ಸಗಣಿ ಹತ್ತೈತಲ್ಲ."

ಆಕೆಗೆ ಕಿವಿ ಮಂದ. ನಾನು ಬಗ್ಗಿ ಹೇಳಿದ್ದು ಕೇಳಿಸಲಿಲ್ಲ. "ಆಂ?" ಎಂದಳು. ಮತ್ತೆ ಹೇಳಿದೆ. "ಏನಂದಿ?" ಎಂದಳು. ಮೂರನೆಯ ಸಲ ದನಿ ಎತ್ತಿದೆ. ಅದೇ ಗಳಿಗೆಗೆ ಭಜನೆಯವರು ಒಂದು ಪದ ಹಾಡಿ ಮುಗಿಸಿದ್ದರು.

"ಸಗಣಿ ಅಲ್ಲಬೇ, ಪಂಕ್ಚರ್ ಔಷಧ."

ನನ್ನ ದನಿ ಅಂಗಳದ ಆಚೆಗೂ ಕೇಳಿಸಿತು. ತಾಳ ಹಿಡಿದವರು ತಿರುಗಿ ನೋಡಿದರು. ಹೆಂಗಸರ ಗುಂಪಿನಲ್ಲಿ ಯಾರದೋ ಮೂಗಿನಿಂದ ನಗು ಸಿಡಿಯಿತು, ಇನ್ನೊಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು. ತಾಯಿಯ ಪಕ್ಕದಲ್ಲಿ ಕುಳಿತ ಮಗಳ ಹೆಗಲೂ ಕುಲುಕಿತು. ಅದು ಅಳುವಲ್ಲ ಎಂಬುದು ಕಾಣುತ್ತಿತ್ತು. ಅತ್ತೆಯವರು ತಲೆ ತಗ್ಗಿಸಿದರು. ನಾನು ಗೋಡೆ ಸೇರಿ ನಿಂತೆ. ಆ ಮಣ್ಣಿನ ಗೋಡೆ ಬಾಯಿ ತೆರೆದು ನನ್ನನ್ನು ನುಂಗಬಾರದೇ ಎನಿಸಿತು. ಸ್ವಲ್ಪ ಹೊತ್ತಿಗೆ ನನ್ನ ಗಂಡ ಬಂದರು. ನನ್ನನ್ನು ನೋಡಿದವರೇ ಏನಾಗಿದೆ ಎಂದು ತಿಳಿದುಕೊಂಡು, ಹೆಣ ಹೊರುವವರ ಜೊತೆ ಸೇರಿಕೊಂಡರು.

ಆ ರಾತ್ರಿ ಅಲ್ಲೇ ಉಳಿದೆವು. ಬೆಳಗ್ಗೆ ಹಿತ್ತಲಿನಲ್ಲಿ ನಾನು ಎಲ್ಲರ ಸೀರೆಗಳನ್ನೂ ಗುಡ್ಡೆ ಹಾಕಿಕೊಂಡು ಒಗೆಯುತ್ತಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಕೇಳಿ ಪಡೆದಿದ್ದೆ. ಸತ್ತವರ ಮಗಳು ಬಂದು ನೀರು ಸೇದಿ ಹಾಕಿದಳು.

"ನಿನ್ನೆ ನಕ್ಕುಬಿಟ್ಟೆ. ಅವ್ವನ ಮುಂದ ಕುಂತು ನಕ್ಕೆ" ಎಂದಳು. ಅವಳ ಮುಖ ಕೆಂಪಾಗಿತ್ತು.

"ನನ್ನಿಂದ ಆಗಿದ್ದು, ತಪ್ಪು ತಿಳ್ಕೋಬ್ಯಾಡ" ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಸೀರೆ ಹಿಂಡಿದೆವು.

ಅವಳು ಒಳಗೆ ಹೋದ ಮೇಲೆ ಅತ್ತೆಯವರು ಕುಂಟುತ್ತ ಬಂದು ಒಗೆಯುವ ಕಲ್ಲಿನ ಪಕ್ಕ ಕುಳಿತರು. ನಿನ್ನೆ ಆದದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ. ಅವರು ಬೇರೆಯೇ ಮಾತು ತೆಗೆದರು.

"ಶ್ರಾವಣದಾಗ ನೀ ಕರದಿದ್ದಿ, ನೆನಪೈತೇನು? ಅಕ್ಕನ್ನ ನೋಡಿ ಬರೋಣ ನಡೀರಿ, ಗಾಡಿ ಮ್ಯಾಲೆ ಹೋಗಿ ಬರೋಣ ಅಂತ."

"ಹೂಂರಿ."

"ಆವಾಗ ಆಕಿ ಇನ್ನೂ ಮಾತಾಡ್ತಿದ್ಲಂತ. ದಿನಾ ಕೇಳ್ತಿದ್ಲಂತ, ತಂಗಿ ಬಂದ್ಲೇನು ಅಂತ. ಸೊಸಿ ಹಿಂದ ಗಾಡಿ ಮ್ಯಾಲೆ ಕುಂತು ಬಂದ್ಲು ಅಂತ ಈ ಊರ ಮಂದಿ ಅಂದಾರು ಅಂತ ನಾ ಬರಲಿಲ್ಲ. ನಿನ್ನೆ ಗಾಡಿ ಮ್ಯಾಲೆ ಬಂದದ್ದನ್ನ ಎಲ್ಲಾರೂ ನೋಡಿದ್ರು. ಒಬ್ಬರೂ ಏನೂ ಅನ್ನಲಿಲ್ಲ" ಎಂದರು.

ನನ್ನ ಕೈಯಲ್ಲಿದ್ದ ಸೀರೆ ನೀರಿಗೆ ಜಾರಿತು. ರಾತ್ರಿಯೆಲ್ಲ ನಾನು ಯಾರ್‍ಯಾರು ನಕ್ಕರು ಎಂದು ನೆನೆಯುತ್ತ ಹೊರಳಾಡಿದ್ದೆ. ಪಕ್ಕದಲ್ಲೇ ಮಲಗಿದ್ದ ಅತ್ತೆಯವರು ಇದನ್ನು ಹೊತ್ತುಕೊಂಡು ಎಚ್ಚರವಿದ್ದರು. ನನ್ನ ಅವಮಾನ ಆ ಕ್ಷಣ ಬಹಳ ಸಣ್ಣದಾಗಿ, ಅದಕ್ಕಾಗಿಯೇ ಇನ್ನೊಂದು ಬಗೆಯಲ್ಲಿ ನಾಚಿಕೆಯಾಯಿತು. ಅವರು ನನ್ನ ಜೊತೆ ಕುಳಿತು ಒಂದು ಸೀರೆಯ ತುದಿ ಹಿಡಿದು ಹಿಂಡಿದರು.

ತಿಥಿಯ ದಿನ ಮತ್ತೆ ಹೋದೆವು. ಕಾರು ಸಿಗುತ್ತಿತ್ತು, ನನ್ನ ಗಂಡ ಒಂದಕ್ಕೆ ಹೇಳಿಯೂ ಇದ್ದರು. ಅತ್ತೆಯವರು ಬೇಡವೆಂದು ಸ್ಕೂಟರಿನ ಹಿಂದೆಯೇ ಕುಳಿತರು, ಈ ಸಲ ಸೆರಗು ಹಣೆಗೆ ಬರಲಿಲ್ಲ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಚಿಕ್ಕಮ್ಮ ತಮ್ಮ ಕಲೆ ಹೋಗದ ಸೀರೆಯ ಮಾತು ತೆಗೆದರು. ನಾನು ಎದ್ದು ಒಳಗೆ ಹೋಗಬೇಕೆಂದಿದ್ದೆ.

"ಆಕಿದೇನೂ ತಪ್ಪಿಲ್ಲ" ಎಂದು ಅತ್ತೆಯವರು ಎಲ್ಲರ ನಡುವೆ ಹೇಳಿದರು. "ಮೆಲ್ಲಕ ಒತ್ರಿ ಅಂದಿದ್ಲು. ಬಾಟ್ಲಿ ನನ್ನ ಕೈಯಾಗಿತ್ತು, ನಾನ ಜೋರ ಒತ್ತಿದ್ನಿ."

ಅತ್ತೆಯವರು ತಲೆ ತಗ್ಗಿಸಿ ಅಡಿಕೆ ಕತ್ತರಿಸತೊಡಗಿದರು. ನಾನು ಹೋಗಿ ಅವರ ಪಕ್ಕ ಕುಳಿತೆ.